ಆರು ಇಪ್ಪತ್ತಕ್ಕೆ ನಿಂತುಹೋದ ಹಸಿರು ಚೌಕಟ್ಟು

ಜಿಲ್ಲಾ ದೂರಸಂಪರ್ಕ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಬರೆಯುವ ಹುಚ್ಚು ನನಗಿರಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಎಪ್ಪತ್ತಾರು ವರ್ಷದಲ್ಲಿ ನಾನು ಬರೆದ ಪತ್ರಗಳು ಮೂರು. ಮೂರೂ ಸೈನ್ಯದಲ್ಲಿದ್ದಾಗ ತಾಯಿಗೆ ಬರೆದವು, ಅದರಲ್ಲೂ ಎರಡರಲ್ಲಿ ಉಣ್ಣೆಯ ಕಾಲುಚೀಲ ಕಳಿಸು ಅನ್ನುವುದು ಬಿಟ್ಟರೆ ಬೇರೇನಿಲ್ಲ. ಆದರೆ ನಿಮ್ಮ ಕಚೇರಿಯ ಗಾಜಿನ ಕಿಟಕಿಯ ಹಿಂದೆ ಕೂತ ಹೆಂಗಸು "ಬಾಯಿಮಾತಿನ ದೂರು ದೂರಲ್ಲ, ಬರೆದುಕೊಡಿ" ಅಂದಳು. ಬರೆದುಕೊಟ್ಟೆ. ಮೂರು ಸಾಲಿನ ಉತ್ತರ ಬಂತು. ಅದನ್ನು ಓದಿದ ಮೇಲೆ, ನಿಮಗೊಬ್ಬರಿಗೇ ಬರೆದ ಕಾಗದ ನಿಮ್ಮ ಮೇಜಿನ ಖಾನೆಯಲ್ಲೇ ಸಾಯುತ್ತದೆ ಎಂದು ಗೊತ್ತಾಯಿತು. ಅದಕ್ಕೇ ಇದನ್ನು ಪೇಟೆಯ ಪತ್ರಿಕೆಯವರ ಕೈಗೆ ಕೊಟ್ಟಿದ್ದೇನೆ. ಕಣಿವೆಯೆಲ್ಲ ಓದಲಿ. ಮುಖ್ಯವಾಗಿ ಒಂದು ಮನೆಯಲ್ಲಿ ಓದಲಿ.

ದೂರು ಇಷ್ಟು. ಫೆಬ್ರವರಿ ಮೂರನೇ ತಾರೀಕು ಮಂಗಳವಾರ ಸಂಜೆ ಆರು ಇಪ್ಪತ್ತಕ್ಕೆ, ನೀವು ಕೊಟ್ಟ ಪೆಟ್ಟಿಗೆಯಿಂದ ಬರುವ ಟಿವಿ ಚಿತ್ರ ನಿಂತುಹೋಯಿತು. ನಡುವೆ ಒಂದು ಚಕ್ರ ಸುತ್ತತೊಡಗಿತು. ಅದು ಸುತ್ತಿ ಮುಗಿಸುವಷ್ಟರಲ್ಲಿ ನನ್ನ ಗೆಳೆಯ ಹಿಲ್ಮೊ ಸತ್ತ ಸುದ್ದಿ ಬಂದು ಹೋಗಿತ್ತು. ಮಾರನೇ ದಿನ ಮಧ್ಯಾಹ್ನ ಅವನನ್ನು ಮಣ್ಣು ಮಾಡಿದರು. ನಾನು ಅಲ್ಲಿರಲಿಲ್ಲ. ನಿಮ್ಮ ಮೂರು ಸಾಲಿನ ಪ್ರಕಾರ ಆ ಹೊತ್ತಿನಲ್ಲಿ "ಸೇವೆಯಲ್ಲಿ ಯಾವುದೇ ವ್ಯತ್ಯಯ ದಾಖಲಾಗಿರುವುದಿಲ್ಲ". ಅಂದರೆ ನಾನು ಸುಳ್ಳುಗಾರ. ಅದನ್ನೂ ಮೊಹರು ಒತ್ತಿ ಹೇಳಿದ್ದೀರಿ.

ಹೋದ ಅಕ್ಟೋಬರ್‌ವರೆಗೆ ನಮ್ಮ ಯಾವೊರ್ನಿಕ್ ಗುಡ್ಡದ ನೆತ್ತಿಯ ಮೇಲೆ ಒಂದು ಪ್ರಸಾರದ ಕಂಬ ಇತ್ತು. ಗಾಳಿ ಬೀಸಿದರೆ ಟಿವಿಯೊಳಗೂ ಹಿಮ ಬೀಳುತ್ತಿತ್ತು, ಒಪ್ಪುತ್ತೇನೆ. ಆದರೆ ದನಿ ನಿಲ್ಲುತ್ತಿರಲಿಲ್ಲ. ಅದು ಹಳೆಯದಾಯಿತು ಅಂತ ನೀವು ಬಂದ್ ಮಾಡಿದಿರಿ. ಇನ್ನು ಮೇಲೆ ಟಿವಿ ಇಂಟರ್ನೆಟ್ಟಿನ ತಂತಿಯಲ್ಲೇ ಬರುತ್ತದೆ, ನೂರಾ ಎಂಬತ್ತು ಚಾನೆಲ್ಲು ಅಂದಿರಿ. ನೂರಾ ಎಂಬತ್ತು ಚಾನೆಲ್ಲು ನಿಮ್ಮನ್ನು ಕೇಳಿದವರಾರು? ನಮ್ಮ ಕಣಿವೆಯ ಜನ ಮನಸ್ಸಿಟ್ಟು ಟಿವಿ ನೋಡುವುದು ದಿನಕ್ಕೆ ಹದಿನೈದು ನಿಮಿಷ. ಆರು ಇಪ್ಪತ್ತರಿಂದ ಆರು ಮೂವತ್ತೈದು, ಸ್ಥಳೀಯ ಚಾನೆಲ್ಲಿನ ನಿಧನ ವಾರ್ತೆ. ಫೋಟೊ, ಹೆಸರು, ಹುಟ್ಟಿದ ಇಸವಿ, ಎಷ್ಟು ಹೊತ್ತಿಗೆ ಎಲ್ಲಿ ಮಣ್ಣು, ಕೊನೆಗೆ ದುಃಖತಪ್ತರ ಪಟ್ಟಿ. ನಮ್ಮ ಆರ್ಥೊಡಾಕ್ಸ್ ಕ್ರೈಸ್ತ ಪಂಗಡದವರಿಗೆ ಕಪ್ಪು ಚೌಕಟ್ಟು, ಮುಸ್ಲಿಮರಿಗೆ ಹಸಿರು. ಹೆಸರು ಓದುವ ಮೊದಲೇ, ಮೇಣದ ಬತ್ತಿ ತೆಗೆದುಕೊಂಡು ಹೋಗಬೇಕೋ ಬರಿಗೈಯಲ್ಲಿ ಹೋಗಿ ಹೆಗಲು ಕೊಡಬೇಕೋ ಗೊತ್ತಾಗುತ್ತದೆ. ಹಿಮ ಬಿದ್ದರೆ ವಾರಗಟ್ಟಲೆ ಪಕ್ಕದ ಊರಿನವರ ಮುಖ ಕಾಣದ ಜಾಗ ಇದು. ನಾವು ಮನುಷ್ಯರಾಗಿ ಉಳಿದಿರುವುದೇ ಆ ಹದಿನೈದು ನಿಮಿಷದಿಂದ. ಉಳಿದ ನೂರಾ ಎಪ್ಪತ್ತೊಂಬತ್ತು ಚಾನೆಲ್ಲನ್ನು ನೀವೇ ಇಟ್ಟುಕೊಳ್ಳಿ.

ಪೆಟ್ಟಿಗೆ ಬಂದ ವಾರದಿಂದಲೇ ಚಕ್ರ ಶುರುವಾಯಿತು. ಅದಕ್ಕೆ ಬಫರಿಂಗ್ ಅನ್ನುತ್ತಾರಂತೆ. ನಾನು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನೆಲ್ಲ ಮಾಡಿದೆ. ಪ್ಲಗ್ ಕೀಳಿ ಅಂದರು, ಕಿತ್ತೆ. ಇಂಟರ್ನೆಟ್ಟಿನ ಡಬ್ಬಿಯನ್ನು ಒಲೆಯಿಂದ ದೂರ ಇಡಿ ಅಂದರು, ಇಟ್ಟೆ. ಗಾಳಿಯಲ್ಲಿ ಬರುವುದನ್ನು ನಂಬಬೇಡಿ, ಡಬ್ಬಿಯಿಂದ ಪೆಟ್ಟಿಗೆಗೆ ತಂತಿ ಎಳೆಯಿರಿ ಅಂದರು. ಎರಡು ಅಡಿ ದಪ್ಪದ ಕಲ್ಲುಗೋಡೆ ಕೊರೆದು ಎಳೆದೆ. ಡಬ್ಬಿಯ ಮೇಲೆ ಏನನ್ನೂ ಹೊದಿಸಬೇಡಿ ಅಂದರು. ಅಲ್ಲಿ ಮಾತ್ರ ನಮ್ಮದೇ ತಪ್ಪು. ನನ್ನ ಹೆಂಡತಿ ಸಾವ್ಕ ಮನೆಯ ಎಲ್ಲ ಸಾಮಾನಿಗೂ ತಾನೇ ಹೆಣೆದ ಲೇಸು ಹೊದಿಸುವವಳು, ಡಬ್ಬಿಗೂ ಹೊದಿಸಿದ್ದಳು. ಬೈಯುತ್ತಾ ತೆಗೆದಳು.

"ಬೆತ್ತಲೆ ಕೂತಿದೆ ನೋಡು. ಯಾರಾದ್ರೂ ಮನೆಗೆ ಬಂದ್ರೆ ಏನಂದ್ಕೋತಾರೆ?"

"ಚಿತ್ರ ಬರತ್ತೆ ಅಂದ್ಕೋತಾರೆ."

"ಬರ್ಲಿಲ್ಲ ಅಂದ್ರೆ ನಿನ್ ತಲೆಗೇ ಹೊದಿಸ್ತೀನಿ ಮುದುಕಾ."

ಬರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಯಾವನೋ ಮೀನು ಹುರಿಯುವುದು ಕನ್ನಡಿಯ ಹಾಗೆ ಕಾಣುತ್ತದೆ. ಸಂಜೆ ಆರು ಇಪ್ಪತ್ತಕ್ಕೆ ಸರಿಯಾಗಿ ಚಕ್ರ. ಮತ್ತೆ ಫೋನ್ ಮಾಡಿದರೆ, "ನಿಮ್ಮ ಮನೇಲಿ ಅದೇ ಹೊತ್ತಿಗೆ ಬೇರೆ ಯಾರು ಇಂಟರ್ನೆಟ್ ಬಳಸ್ತಾರೆ?" ಅಂತ ಕೇಳಿದರು. ನನ್ನ ಮನೆಯಲ್ಲಿ ನಾನು, ಸಾವ್ಕ, ಕೊಟ್ಟಿಗೆಯಲ್ಲಿ ಒಂದು ಹಸು. ಹಸುವನ್ನು ವಿಚಾರಿಸಿ ಹೇಳುತ್ತೇನೆ ಅಂದೆ. ಅದನ್ನೂ ಬರೆದುಕೊಂಡರೋ ಏನೋ.

ಡಿಸೆಂಬರಿನಲ್ಲಿ ಒಂದು ಸಂಜೆ ಕಪ್ಪು ಚೌಕಟ್ಟು ಬಂತು, ಫೋಟೊ ಬರಲಿಲ್ಲ. ದನಿ ಮಾತ್ರ ಚೂರುಚೂರಾಗಿ ಬಂತು. "...ಓಸ್ತೊಯ ... ಯಾವೊರ್ನಿಕ್ ..." ಅಷ್ಟೇ. ಓಸ್ತೊಯ ನಮ್ಮೂರಿನ ಮೇಲಿನ ಕೇರಿಯವನು, ನನ್ನ ಜೊತೆ ಇಸ್ಪೀಟಾಡುವವನು. ಸಾವ್ಕ ಅತ್ತಳು. ಬೆಳಿಗ್ಗೆ ನಾನು ಒಂದು ಪೊಟ್ಟಣ ಕಾಫಿಪುಡಿ, ಒಂದು ಪೊಟ್ಟಣ ಸಕ್ಕರೆ, ಮೇಣದ ಬತ್ತಿ ತೆಗೆದುಕೊಂಡು ಹಿಮದಲ್ಲಿ ಹತ್ತಿ ಹೋದೆ. ಕನ್ನಡಕಕ್ಕೆ ಮಂಜು ಕವಿದಿತ್ತು. ಬಾಗಿಲು ತೆರೆಯಿತು. ಟೋಪಿ ತೆಗೆದು, ತಲೆ ಬಗ್ಗಿಸಿ, "ಓಸ್ತೊಯನ ಆತ್ಮಕ್ಕೆ ಶಾಂತಿ ಸಿಗಲಿ" ಅಂದೆ.

"ಸಿಕ್ಕಿತ್ತು ಕಣೋ, ನೀನು ಬಾಗಿಲು ಬಡಿಯೋವರೆಗೂ" ಅಂದ, ಓಸ್ತೊಯ.

ಸತ್ತವನು ಆಸ್ಟ್ರಿಯಾದಲ್ಲಿದ್ದ ಅವನ ತಮ್ಮ. ಓಸ್ತೊಯನ ಹೆಸರು ದುಃಖತಪ್ತರ ಪಟ್ಟಿಯಲ್ಲಿತ್ತು. "ಅಣ್ಣ" ಅನ್ನುವ ಮಾತನ್ನು ನಿಮ್ಮ ಚಕ್ರ ನುಂಗಿತ್ತು. ಅವನು ನನ್ನನ್ನು ಒಳಗೆ ಕರೆದ, ನಾನು ತಂದ ಕಾಫಿಯನ್ನೇ ಕುಡಿಸಿದ, ಆಮೇಲೆ ಊರಿಗೆಲ್ಲ ಹೇಳಿದ. ಅಂದಿನಿಂದ ನಾನು ಹೆಂಡದಂಗಡಿಯ ಬಾಗಿಲಲ್ಲಿ ಕಾಲಿಟ್ಟರೆ ಸಾಕು, "ವಿಟೊ ಬಂದ, ಎಲ್ರೂ ನಿಮ್ನಿಮ್ಮ ನಾಡಿ ನೋಡ್ಕೊಳ್ರಪ್ಪಾ" ಅನ್ನುತ್ತಾರೆ. ಅರ್ಧ ಚಿತ್ರ ನಂಬಿ ಇನ್ನೊಂದು ಸಲ ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಏನೂ ಕೇಳುವುದಿಲ್ಲ ಅಂತ ಅವತ್ತೇ ಶಪಥ ಮಾಡಿದೆ. ಈ ಶಪಥ ನೆನಪಿಟ್ಟುಕೊಳ್ಳಿ ಮಾನ್ಯರೇ. ನಾನಂತೂ ಮರೆಯಲಾರೆ.

ಫೆಬ್ರವರಿ ಮೂರರ ಸಂಜೆ ಹಸಿರು ಚೌಕಟ್ಟು ಬಂತು. ಫೋಟೊ ಮೇಲಿನಿಂದ ಇಳಿಯತೊಡಗಿತು. ಕಪ್ಪು ಬೆರೆಟ್ ಟೋಪಿಯ ಅಂಚು, ಅದರ ಕೆಳಗೆ ಹಣೆ. ಅಲ್ಲಿಗೆ ನಿಂತಿತು. ಹಣೆ ಚೌಕ ಚೌಕವಾಗಿ ಒಡೆದುಹೋಯಿತು. ಚಕ್ರ ಸುತ್ತತೊಡಗಿತು.

"ನಮ್ಮ ಕಾಲದವರೇ ಯಾರೋ. ಕೆಳಗಡೆ ಯಾರಿಗಾದ್ರೂ ಫೋನ್ ಮಾಡಿ ಕೇಳು" ಅಂದಳು ಸಾವ್ಕ.

"ಕೇಳಿ ಮತ್ತೆ ನಗೆಪಾಟಲಾಗ್ಲಾ? ಟಿವಿ ಕೊಟ್ಟವರನ್ನೇ ಕೇಳ್ತೀನಿ" ಅಂದು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ನಿಮ್ಮಲ್ಲಿ ಎಲ್ಲ ಮಾತೂ ರೆಕಾರ್ಡ್ ಆಗುತ್ತದಂತೆ, ತೆಗೆಸಿ ಕೇಳಿ. ಹುಡುಗಿ ಮರ್ಯಾದಸ್ಥೆ, ಅವಳ ಮೇಲೆ ನನ್ನ ಸಿಟ್ಟಿಲ್ಲ.

"ಯಾರು ತೀರಿಕೊಂಡ್ರು ಅಂತ ಹೇಳಮ್ಮ, ಅಷ್ಟೇ ಸಾಕು."

"ಏನಂದ್ರಿ?"

"ಈಗ ಹಸಿರು ಚೌಕಟ್ಟಲ್ಲಿ ಬಂದ್ರಲ್ಲ, ಅವರ ಹೆಸರು. ಟಿವಿ ನಿಮ್ಮದೇ ತಾನೆ?"

"ಯಜಮಾನ್ರೇ, ಪೆಟ್ಟಿಗೆ ಮೇಲಿನ ದೀಪ ಯಾವ ಬಣ್ಣ ಇದೆ?"

"ಹಸಿರು."

"ಹಸಿರಿದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ."

"ಎಲ್ಲಾ ಸರಿ ಇದ್ರೆ ಹಸಿರು ಚೌಕಟ್ಟು ಯಾಕಮ್ಮ ಬರತ್ತೆ?"

"ಒಂದ್ಸಲ ಪ್ಲಗ್ ಕಿತ್ತು, ಮೂವತ್ತು ಸೆಕೆಂಡ್ ಬಿಟ್ಟು ಹಾಕಿ."

ಕಿತ್ತೆ. ಒಂದರಿಂದ ಮೂವತ್ತರವರೆಗೆ ಗಟ್ಟಿಯಾಗಿ ಎಣಿಸಿದೆ. ಹಾಕಿದೆ. ಪೆಟ್ಟಿಗೆ ಎಚ್ಚರವಾಗಲು ಐದು ನಿಮಿಷ ತೆಗೆದುಕೊಂಡಿತು. ಚಿತ್ರ ಬಂದಾಗ ಚೆಂದದ ಹೆಂಗಸೊಬ್ಬಳು ನಾಳೆ ಹಿಮ ಬೀಳುತ್ತದೆ ಅನ್ನುತ್ತಿದ್ದಳು.

ಹಿಲ್ಮೊ ಯಾರು ಅಂತ ನಿಮಗೆ ಗೊತ್ತಿಲ್ಲ. ನಾನೂ ಅವನೂ ಅಕ್ಕಪಕ್ಕದ ಮನೆಯವರು, ಸರ್ಕಾರಿ ಕಾಡಿನಲ್ಲಿ ಇಪ್ಪತ್ತೆರಡು ವರ್ಷ ಒಂದೇ ಗರಗಸ ಎಳೆದವರು. ಇಬ್ಬರು ಎಳೆಯುವ ಉದ್ದನೆಯ ಗರಗಸ. ಆ ತುದಿ ಅವನದು, ಈ ತುದಿ ನನ್ನದು. ಅವನ ಪಂಗಡಕ್ಕೂ ನನ್ನ ಪಂಗಡಕ್ಕೂ ಯುದ್ಧ ನಡೆದ ಮೂರೂವರೆ ವರ್ಷ ಬೇರೆ ಬೇರೆ ಕಡೆ ಇದ್ದೆವು. ಮುಗಿದ ಮೇಲೆ ಒಂದು ದಿನ ಅವನು ನನ್ನ ಬೇಲಿಯ ಹತ್ತಿರ ಬಂದು ನಿಂತು, "ಬದುಕಿದೀಯೇನೋ ಕತ್ತೆ?" ಅಂದ. "ಬದುಕಿದೀನಿ ಕಣೋ. ನೀನು?" ಅಂದೆ. ದೊಡ್ಡವರು ದೇಶ ದೇಶ ತಿರುಗಿ ಸಹಿ ಹಾಕಿದ ಒಪ್ಪಂದವನ್ನು ನಾವು ಬೇಲಿಯ ಹತ್ತಿರ ಅಷ್ಟರಲ್ಲಿ ಮುಗಿಸಿದೆವು. ಆಮೇಲೆ ಎರಡು ಮನೆಗೂ ಸೇರಿ ಒಂದು ಅಂಟೆನಾ ಕಂಬ ನೆಟ್ಟೆವು. ಅದನ್ನು ಅವನವರ ಚಾನೆಲ್ಲಿಗೆ ಸರಾಯೆವೊ ಕಡೆ ತಿರುಗಿಸಬೇಕು, ನನ್ನವರ ಚಾನೆಲ್ಲಿಗೆ ಬೆಲ್‌ಗ್ರೇಡ್ ಕಡೆ. ದಿನ ಬಿಟ್ಟು ದಿನ ತಿರುಗಿಸಿಕೊಂಡು ಹದಿನೆಂಟು ವರ್ಷ ಕಳೆದೆವು. ಹನ್ನೊಂದು ವರ್ಷದ ಹಿಂದೆ, ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಇನ್ನೆರಡು ನಿಮಿಷ ಇದೆ ಅನ್ನುವಾಗ ಅವನು ಕಂಬ ತಿರುಗಿಸಿದ. ನಾನು ಹೊರಗೆ ಓಡಿಬಂದೆ. ಅವನು ನನ್ನ ಅಪ್ಪನ ಸುದ್ದಿ ಎತ್ತಿದ, ನಾನು ಅವನ ಪಂಗಡದ ಟೋಪಿಯ ಸುದ್ದಿ ಎತ್ತಿದೆ. ಯುದ್ಧ ಮಾಡಲಾಗದ್ದನ್ನು ಅಂಟೆನಾ ಮಾಡಿತು. ಮಾತು ನಿಂತಿತು. ಮೂರು ವರ್ಷದ ಹಿಂದೆ ಅವನೂ ಅವನ ಹೆಂಡತಿ ಜುಮ್ರಾಳೂ ಹದಿನಾಲ್ಕು ಕಿಲೋಮೀಟರ್ ಕೆಳಗಿನ ರೆಚಿತ್ಸಕ್ಕೆ, ಮಗಳ ಮನೆಯ ಪಕ್ಕಕ್ಕೆ ಹೋದರು. ಹೋಗುವ ದಿನ ನಾನು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ. ಈಚೆಗೆ ಬರಲಿಲ್ಲ. ಅದಕ್ಕೆ ನಿಮ್ಮ ತಂತಿ ಕಾರಣವಲ್ಲ, ಒಪ್ಪುತ್ತೇನೆ.

ಶುಕ್ರವಾರ ಹಿಮ ತೆಗೆಯುವ ಯಂತ್ರ ಬಂತು, ಅದರ ಹಿಂದೆ ಬ್ರೆಡ್ಡಿನ ವ್ಯಾನು. ಡ್ರೈವರು ಎರಡು ಬ್ರೆಡ್ಡು ಕೈಗಿಟ್ಟು ನನ್ನ ಮುಖವನ್ನೇ ನೋಡಿದ.

"ಹಿಲ್ಮೊನ ಜನಾಜಾಕ್ಕೆ ನೀವು ಬರ್ಲೇ ಇಲ್ವಲ್ಲ ವಿಟೊ ಮಾಮಾ."

"ಯಾವ ಹಿಲ್ಮೊ?"

"ಎಷ್ಟು ಜನ ಹಿಲ್ಮೊ ಗೊತ್ತು ನಿಮಗೆ? ಪಟ್ಟೀಲಿ ನಿಮ್ಮ ಹೆಸರೇ ಇತ್ತಲ್ಲ. ಕಣಿವೆಯೆಲ್ಲ ಓದಿದೆ."

ನಾನು ಬ್ರೆಡ್ಡನ್ನು ವ್ಯಾನಿನೊಳಗೇ ಬಿಟ್ಟು, ಅದೇ ವ್ಯಾನಿನಲ್ಲಿ ಕೂತು ರೆಚಿತ್ಸಕ್ಕೆ ಹೋದೆ.

ನಮ್ಮಲ್ಲಿ ಮನೆಗೆ ಬಂದವರಿಗೆ ಕಾಫಿ ಮೂರು ಸಲ. ಮೊದಲನೆಯದು ಬಂದಿದ್ದಕ್ಕೆ, ಎರಡನೆಯದು ಮಾತಿಗೆ, ಮೂರನೆಯದು ಎದ್ದು ಹೋಗು ಅನ್ನಲಿಕ್ಕೆ. ಜುಮ್ರಾ ನನ್ನೆದುರು ಒಂದು ಲೋಟ ಇಟ್ಟು, "ಇದು ಮೂರನೇದು ಅಂತ ತಿಳ್ಕೋ" ಅಂದಳು.

ಕುಡಿದೆ. ಚಕ್ರದ ಕಥೆ ಹೇಳಿದೆ. ಅವಳು ಟಿವಿಯ ಕಡೆ ನೋಡಿದಳು.

"ನಮ್ಮನೇಲಿ ಬಂತಲ್ಲ ವಿಟೊ. ನಿನ್ನ ಮನೇಲಿ ಮಾತ್ರ ಬರ್ಲಿಲ್ವಾ? ಅದೂ ಸರಿಯಾಗಿ ಅವನ ಮುಖಕ್ಕೇ?"

"ದೇವರಾಣೆಗೂ ಬರ್ಲಿಲ್ಲ ಜುಮ್ರಾ."

"ಆಸ್ಪತ್ರೇಲಿ ಮಲಗ್ಕೊಂಡು ಅವನೇ ಹೇಳಿ ಬರೆಸಿದ್ದು. ಹೆಂಡ್ತಿ, ಹೆಣ್ಮಕ್ಕಳು, ಅಳಿಯಂದ್ರು, 'ಗರಗಸದ ಇನ್ನೊಂದು ತುದಿಯ ವಿಟೊಮಿರ್'. ಹಾಗೇ ಹಾಕ್ಬೇಕು ಅಂದ. ಹೊರುವಾಗ ತಲೆ ಕಡೆ ಎಡಗಡೆ ಜಾಗ ನಿನಗೇ ಬಿಡ್ಬೇಕು ಅಂದ. ನಾನು ಗಂಡಸರಿಗೆ ಕಾಯ್ರಿ ಅಂತ ಹೇಳಿ ಕಳಿಸ್ದೆ. ಆ ಹಿಮದಲ್ಲಿ ಹೆಗಲ ಮೇಲೆ ಹೊತ್ಕೊಂಡು ಹತ್ತು ನಿಮಿಷ ನಿಂತಿದ್ರು. ಇಮಾಮರು ಗಡಿಯಾರ ನೋಡ್ತಿದ್ರು. ಕೊನೆಗೆ ಆ ಜಾಗಕ್ಕೆ ಅಂಚೆಯವನು ಹೆಗಲು ಕೊಟ್ಟ."

ಗರಗಸ ಎಳೆಯುವಾಗ ಎದುರಿಗಿದ್ದವನ ಮುಖ ಕಾಣುವುದಿಲ್ಲ ಮಾನ್ಯರೇ. ಬಗ್ಗಿರುತ್ತಾನೆ. ಕಾಣುವುದು ಟೋಪಿಯ ಅಂಚು ಮತ್ತು ಹಣೆ. ಇಪ್ಪತ್ತೆರಡು ವರ್ಷ ನಾನು ನೋಡಿದ್ದು ಅದನ್ನೇ. ನಿಮ್ಮ ಪೆಟ್ಟಿಗೆ ಅವತ್ತು ನನಗೆ ತೋರಿಸಿದ್ದೂ ಅಷ್ಟನ್ನೇ. ನಾನು ಗುರುತು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಇದನ್ನು ಜುಮ್ರಾಗೆ ಹೇಳಲಾಗಲಿಲ್ಲ, ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ಏಳುವಾಗ ಅವಳು ಅಂದಳು: "ಹನ್ನೊಂದು ವರ್ಷದ ಹಟಾನ ಅವನು ಸತ್ತ ಮೇಲೂ ವಿಟೊ ಸಾಧಿಸ್ದ ಅಂತ ಊರೆಲ್ಲ ಅಂತಿದಾರೆ. ಚಿತ್ರ ಬರ್ಲಿಲ್ಲ ಅನ್ನೋದು ನಿಜ ಆದ್ರೆ ಕಚೇರಿಯಿಂದ ಬರೆಸ್ಕೊಂಡು ಬಾ. ಮೊಹರು ಇರ್ಲಿ. ನಲವತ್ತನೇ ದಿನ ಪ್ರಾರ್ಥನೆ ಇದೆ, ಬಾಗಿಲು ತೆಗೆದಿರ್ತೀನಿ. ಕಾಗದ ಇಲ್ದೇ ಬರ್ಬೇಡ."

ಈ ನಾಡಿನಲ್ಲಿ ಮನುಷ್ಯ ಹುಟ್ಟಿದ್ದಕ್ಕೆ ಮೊಹರು ಬೇಕು, ಬದುಕಿರುವುದಕ್ಕೆ ವರ್ಷಕ್ಕೊಮ್ಮೆ ಮೊಹರು ಬೇಕು. ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಮುಂದಿನ ಸೋಮವಾರವೇ ನಿಮ್ಮ ಕಿಟಕಿಯ ಮುಂದೆ ನಿಂತೆ. ಬರೆದುಕೊಡಿ ಅಂದರು, ಕೊಟ್ಟೆ. ಉತ್ತರ ಬಂತು, ವ್ಯತ್ಯಯ ದಾಖಲಾಗಿರುವುದಿಲ್ಲ. ನಾನು ಕಾಗದ ಕೇಳಿದ್ದು ಜುಮ್ರಾಗೆ ತೋರಿಸಲಿಕ್ಕೆ. ನೀವು ಕೊಟ್ಟ ಕಾಗದ ತೋರಿಸಿದರೆ ಅವಳು ನನ್ನ ಮುಖಕ್ಕೆ ಬಾಗಿಲು ಹಾಕುತ್ತಾಳೆ, ಹಾಕಬೇಕು ಕೂಡ.

ಅದಾದ ಮೇಲೆ ನಿಮ್ಮ ಕಚೇರಿಯಿಂದ ರಿಪೇರಿಯವರು ಒಬ್ಬರು ಬಂದರು. ಹೆಸರು ಹೇಳುವುದಿಲ್ಲ, ನೀವು ಕಾಡುತ್ತೀರಿ. ಟೆಲಿಫೋನ್ ಕಂಬ ಹತ್ತಿದರು, ಅಳತೆಯ ಯಂತ್ರ ಹಚ್ಚಿದರು. ಇಳಿದು ಬಂದು ಸಾವ್ಕ ಕೊಟ್ಟ ಬೆಚ್ಚನೆಯ ಬ್ರಾಂದಿ ಕುಡಿದು, ನಿಮ್ಮ ಸಹಾಯವಾಣಿ ನಾಲ್ಕು ತಿಂಗಳಲ್ಲಿ ಹೇಳದಿದ್ದುದನ್ನು ನಾಲ್ಕು ಮಾತಿನಲ್ಲಿ ಹೇಳಿದರು.

"ನಿಮ್ಮ ಪೆಟ್ಟಿಗೆ ಸರಿ ಇದೆ, ಡಬ್ಬಿ ಸರಿ ಇದೆ, ಗೋಡೆ ಸುಮ್ನೆ ಕೊರೆದ್ರಿ. ಈ ಗುಡ್ಡಕ್ಕೆ ಬರೋದು ನಲವತ್ತು ಟೆಲಿಫೋನಿಗೆ ಅಂತ ಎಳೆದಿದ್ದ ಹಳೇ ತಾಮ್ರದ ತಂತಿ. ಈಗ ಅದರ ಮೇಲೆ ಇನ್ನೂರ ಹದಿನಾಲ್ಕು ಮನೆ ಟಿವಿ. ಬೆಳಿಗ್ಗೆ ಯಾರೂ ನೋಡಲ್ಲ, ಚೆನ್ನಾಗಿ ಬರತ್ತೆ. ಸಂಜೆ ಆರು ಇಪ್ಪತ್ತಕ್ಕೆ ಇನ್ನೂರ ಹದಿನಾಲ್ಕು ಮನೇಲೂ ಒಟ್ಟಿಗೇ ಹಾಕ್ತೀರಿ. ಯಾರು ಸತ್ರು ಅಂತ ನೋಡಕ್ಕೆ. ತಂತಿ ಕಟ್ಕೊಳ್ಳತ್ತೆ. ರೆಚಿತ್ಸಕ್ಕೆ ಹೊಸ ತಂತಿ ಹಾಕಿದಾರೆ, ಅಲ್ಲಿ ಈ ತೊಂದ್ರೆ ಇಲ್ಲ."

ಕೇಳಿಸಿತೇ ಮಾನ್ಯರೇ? ಸತ್ತವರ ಮುಖ ನೋಡಬೇಕು ಅಂತ ಎಲ್ಲರೂ ಒಟ್ಟಿಗೆ ಕೂತದ್ದರಿಂದಲೇ ಯಾರಿಗೂ ಕಾಣಲಿಲ್ಲ. ಪಕ್ಕದ ಮನೆಯವರು ಸಾವಿನ ಸುದ್ದಿ ನೋಡುತ್ತಾರೆ ಅಂತ ನಾವು ನೋಡದೆ ಇರಬೇಕೇ? ಸರದಿ ಹಾಕಿಕೊಳ್ಳೋಣವೇ, ಸೋಮವಾರ ಮೇಲಿನ ಕೇರಿ, ಮಂಗಳವಾರ ಕೆಳಗಿನ ಕೇರಿ ಅಂತ? ಸಾಯುವವರಿಗೂ ಆ ಪಟ್ಟಿಯನ್ನು ನೀವೇ ಕಳಿಸಿಕೊಡುತ್ತೀರಾ?

ಇನ್ನೊಂದು ಉಪಾಯವನ್ನೂ ಅವರು ಹೇಳಿಕೊಟ್ಟರು. ಆರು ಇಪ್ಪತ್ತಕ್ಕೆ ಚಿತ್ರವನ್ನು ಗುಂಡಿ ಒತ್ತಿ ನಿಲ್ಲಿಸಬೇಕು. ಅರ್ಧ ಗಂಟೆ ಬಿಟ್ಟು, ಜನ ಟಿವಿ ಆರಿಸಿದ ಮೇಲೆ, ನಿಲ್ಲಿಸಿದಲ್ಲಿಂದ ನೋಡಬೇಕು. ಆಗ ತುಂಡಾಗದೆ ಬರುತ್ತದೆ. ಹೌದು, ಬರುತ್ತದೆ. ಈಗ ದಿನಾ ಹಾಗೇ ಮಾಡುತ್ತೇನೆ. ಅಷ್ಟು ಸಣ್ಣ ಮಾತು. ಆ ಹುಡುಗಿಗೆ ನೀವು ಅದನ್ನು ಕಲಿಸಿದ್ದರೆ, ಮೂವತ್ತು ಎಣಿಸಿ ಅನ್ನುವ ಬದಲು ಅವಳು ಅದನ್ನು ಹೇಳಿದ್ದರೆ, ಬುಧವಾರ ಬೆಳಿಗ್ಗೆ ನಾನು ಹದಿನಾಲ್ಕು ಕಿಲೋಮೀಟರನ್ನು ಹಿಮದಲ್ಲಿ ನಡೆದಾದರೂ ಇಳಿದಿರುತ್ತಿದ್ದೆ.

ಇದನ್ನೆಲ್ಲ ಬರೆದುಕೊಡಿ ಅಂದೆ. ಅವರು ಲೋಟ ಕೆಳಗಿಟ್ಟರು. "ನವೆಂಬರಿನಲ್ಲೇ ಬರೆದು ಕೊಟ್ಟಿದೀನಿ ಮಾಮಾ. ನಿರ್ದೇಶಕರ ಮೇಜಿನ ಮೇಲಿದೆ. ಮೊಹರೂ ಅಲ್ಲೇ ಇದೆ."

ನವೆಂಬರಿನಲ್ಲೇ. ನಾನು ಓಸ್ತೊಯನನ್ನು ಕೊಲ್ಲುವ ಮೊದಲೇ. ನಿಮ್ಮ ಮೇಜಿನ ಮೇಲೆ ಆ ವರದಿಯೂ ಮೊಹರೂ ಒಂದರ ಪಕ್ಕ ಒಂದು ಕೂತಿವೆ, ಅದರ ಮೇಲೇ ಕೈಯೂರಿ ನನಗೆ ಮೂರು ಸಾಲು ಬರೆದಿರಿ.

ಹೊಸ ತಂತಿ ಎಳೆಯುವುದು ವರ್ಷದ ಕೆಲಸ, ನನಗೆ ಗೊತ್ತು. ಅಲ್ಲಿಯವರೆಗೆ ನಿಧನ ವಾರ್ತೆಯನ್ನು ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಸಲ ತೋರಿಸಿ ಅಂತ ಆ ಚಾನೆಲ್ಲಿನವರಿಗೆ ಹೇಳಿ. ಜನಾಜಾ ಮಧ್ಯಾಹ್ನವಾದ್ದರಿಂದ ನಡೆದುಹೋಗುವಷ್ಟು ಹೊತ್ತು ಸಿಗುತ್ತದೆ. ಇದು ಕಣಿವೆಗೆ.

ನನಗೆ ಬೇಕಾದದ್ದು ಒಂದು ಕಾಗದ. ಅರ್ಧ ಹಾಳೆ ಸಾಕು. ಫೆಬ್ರವರಿ ಮೂರರ ಸಂಜೆ ಆರು ಇಪ್ಪತ್ತಕ್ಕೆ ಯಾವೊರ್ನಿಕ್‌ನಲ್ಲಿ ಚಿತ್ರ ನಿಂತಿತ್ತು ಎಂದು ಬರೆದು ಮೊಹರು ಒತ್ತಿ. ಕ್ಷಮೆ ಕೇಳಬೇಡಿ, ಅದನ್ನು ಕೇಳಬೇಕಾದವನು ನಾನು, ನಿಮ್ಮನ್ನಲ್ಲ.

ನಲವತ್ತನೇ ದಿನ ಮಾರ್ಚ್ ಹದಿನಾಲ್ಕು, ಶನಿವಾರ. ಶನಿವಾರ ನಿಮ್ಮ ಕಚೇರಿ ಇರುವುದಿಲ್ಲ. ಮಾರ್ಚ್ ಹದಿಮೂರು, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆಯೊಳಗೆ ಉತ್ತರ ಕೊಡಿ.

ಇಂತಿ,
ಗರಗಸದ ಇನ್ನೊಂದು ತುದಿ,
ವಿಟೊಮಿರ್ ಗ್ರಾಹೊವಾತ್ಸ್
ಯಾವೊರ್ನಿಕ್, ಫೆಬ್ರವರಿ 24